ಹೊಸ ಕಾರ್ಯಸ್ಥಾನಕ್ಕೆ ಹೊಂದಿಕೊಳ್ಳುವ ಬಗೆ: ಬಸವಾಪಟ್ಟಣ ಹೋಬಳಿಯ ಗ್ರಾಮಲೆಕ್ಕದ ನಿದರ್ಶನ

೧. ವಿಷಯ ಪ್ರವೇಶ

ಒಂದು ಊರಿನಿಂದ ಮತ್ತೊಂದು ಊರಿಗೆ ವರ್ಗವಾಗಿ ಬಂದ ನೌಕರನು ಮೊದಲ ಕೆಲವು ತಿಂಗಳು ಅನುಭವಿಸುವ ಗೊಂದಲವನ್ನು ನಾವು ಸಾಮಾನ್ಯವಾಗಿ ಅವನ ಸ್ವಭಾವಕ್ಕೆ ಆರೋಪಿಸುತ್ತೇವೆ. ‘ಅವನಿಗಿನ್ನೂ ಇಲ್ಲಿನ ನೀರು ಒಗ್ಗಿಲ್ಲ’ ಎನ್ನುತ್ತೇವೆ. ಬೇಗ ಹೊಂದಿಕೊಂಡವನನ್ನು ಚುರುಕಿನವನೆಂದೂ ತಡಮಾಡಿದವನನ್ನು ಮಂದನೆಂದೂ ಎಣಿಸುವುದು ರೂಢಿಯಾಗಿದೆ. ಈ ಎಣಿಕೆಯು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಹೊಸಬನ ಗೊಂದಲಕ್ಕೆ ಅವನ ಮನಸ್ಸೊಂದೇ ಕಾರಣವಲ್ಲ; ಆ ಕಾರ್ಯಸ್ಥಾನವು ತನ್ನ ತಿಳಿವಳಿಕೆಯಲ್ಲಿ ಎಷ್ಟನ್ನು ಬರೆದಿಟ್ಟಿದೆ, ಎಷ್ಟನ್ನು ಬರೆಯದೆ ಬಿಟ್ಟಿದೆ ಎಂಬುದೂ ಅಷ್ಟೇ ಮುಖ್ಯವಾದ ಕಾರಣ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ಇದಕ್ಕೆ ನಿದರ್ಶನವಾಗಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯ ಗ್ರಾಮಲೆಕ್ಕದ ಕೆಲಸವನ್ನು ಆರಿಸಿಕೊಂಡಿದೆ. ಕಾರ್ಖಾನೆಯನ್ನಾಗಲಿ ದೊಡ್ಡ ಕಚೇರಿಯನ್ನಾಗಲಿ ಬಿಟ್ಟು ಹಳ್ಳಿಯ ಲೆಕ್ಕವನ್ನು ಏಕೆ ಆರಿಸಬೇಕು ಎಂದು ವಾಚಕರು ಕೇಳಬಹುದು. ಈ ಒಂದು ಕೆಲಸವು ಅರವತ್ತು ವರ್ಷಗಳ ಅವಧಿಯಲ್ಲಿ ಎರಡು ಬಾರಿ ಬುಡಮಟ್ಟ ಬದಲಾಗಿದೆ. ಅಲ್ಲದೆ, ಇಲ್ಲಿ ಕೆಲಸಕ್ಕೆ ಬಂದ ಹೊಸಬನು ತಪ್ಪಿದರೆ ನಷ್ಟವಾಗುವುದು ಅವನಿಗಲ್ಲ, ಜಮೀನಿನ ರೈತನಿಗೆ. ಆದುದರಿಂದ ಹೊಂದಾಣಿಕೆಯ ಪ್ರಶ್ನೆಯು ಇಲ್ಲಿ ನೌಕರನ ಸುಖದುಃಖದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

೨. ಸ್ಥಳವೂ ಶಾನುಭೋಗಿಕೆಯೂ

ಬಸವಾಪಟ್ಟಣವು ಆಳುವವರ ಬದಲಾವಣೆಯನ್ನು ಬಹುಕಾಲದಿಂದ ಕಂಡ ಊರು. ಮುಂದೆ ತರೀಕೆರೆಯಲ್ಲಿ ನೆಲೆಸಿದ ಪಾಳೆಯಗಾರರ ಮನೆತನಕ್ಕೆ ಇದು ಮೊದಲ ಠಾಣೆ. ಅವರ ಕಾಲವನ್ನು ನೆನಪಿಸುವ ಕೋಟೆ ಊರ ಗುಡ್ಡದ ಮೇಲಿದೆ. ಹದಿನೇಳನೆಯ ಶತಮಾನದಲ್ಲಿ ಊರು ಬಿಜಾಪುರದವರ ವಶವಾಯಿತು. ೧೬೮೭ರಲ್ಲಿ ಮೊಗಲರು ಸಿರಾ ಸುಬೆಯನ್ನು ರಚಿಸಿದಾಗ ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಅನಂತರ ಮೈಸೂರಿನ ಆಳ್ವಿಕೆ ಬಂದಿತು. ಪ್ರಭುತ್ವಗಳು ಹೀಗೆ ಬದಲಾಗುತ್ತಿದ್ದರೂ ಹೊಲಗದ್ದೆಗಳ ಲೆಕ್ಕವನ್ನು ಯಾರಾದರೂ ಇಡಲೇಬೇಕಾಗಿತ್ತು. ಬಂದ ಪ್ರಭುವು ಹೊಸಬನಾದರೂ ಲೆಕ್ಕ ಬರೆಯುವವನು ಊರಿನವನೇ ಆಗಿರುತ್ತಿದ್ದನು.

ಮೈಸೂರು ಸೀಮೆಯಲ್ಲಿ ಆತನಿಗೆ ಶಾನುಭೋಗನೆಂದು ಹೆಸರು. ಹುದ್ದೆಯು ವಂಶಪಾರಂಪರ್ಯವಾದುದು, ಅದಕ್ಕೆ ಪ್ರತಿಫಲವಾಗಿ ಇನಾಮು ಜಮೀನು ಇರುತ್ತಿತ್ತು. ಆತನ ಮನೆಯ ಜಗಲಿಯೇ ಕಚೇರಿ. ಹಿಂದಿನ ಕಾಲದಲ್ಲಿ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆದು, ಅದನ್ನು ಮಡಿಸಿ ಇಡುತ್ತಿದ್ದರು. ಆ ಬಟ್ಟೆಯ ಪುಸ್ತಕಕ್ಕೆ ಕಡತವೆಂದು ಹೆಸರು. ಇಂದು ಕಾಗದದ ಕಟ್ಟಿಗೂ, ಗಣಕಯಂತ್ರದೊಳಗಿನ ದಾಖಲೆಯ ಗುಂಪಿಗೂ ನಾವು ಕಡತವೆಂಬ ಶಬ್ದವನ್ನೇ ಬಳಸುತ್ತಿದ್ದೇವೆ.

ಶಾನುಭೋಗನ ಮಗನು ಈ ಕೆಲಸಕ್ಕೆ ಹೊಂದಿಕೊಂಡ ಬಗೆಯನ್ನು ಗಮನಿಸಬೇಕು. ಆತನು ಕೆಲಸಕ್ಕೆ ಸೇರಿದ ದಿನ ಎಂಬುದೇ ಇರುತ್ತಿರಲಿಲ್ಲ. ಬಾಲ್ಯದಲ್ಲಿ ತಂದೆಯ ಹಿಂದೆ ಹೊಲದ ಬದುಗಳ ಮೇಲೆ ನಡೆದು, ಜಗಲಿಯ ಮೇಲೆ ನಡೆಯುತ್ತಿದ್ದ ವ್ಯಾಜ್ಯಗಳನ್ನು ಕೇಳಿ, ಯಾರ ಹೊಲ ಯಾರ ಕೈಯಲ್ಲಿದೆ ಎಂಬುದನ್ನು ಅಕ್ಷರ ಕಲಿಯುವ ಮೊದಲೇ ಆತನು ತಿಳಿದಿರುತ್ತಿದ್ದನು. ಆದುದರಿಂದ ಪುಸ್ತಕದಲ್ಲಿ ಎಲ್ಲವನ್ನೂ ಬರೆಯಬೇಕೆಂಬ ಒತ್ತಾಯ ಆತನಿಗಿರಲಿಲ್ಲ. ಬರೆದುದು ಸರ್ಕಾರಕ್ಕಾಗಿ, ಬರೆಯದುದು ಮನೆತನದ ನೆನಪಿನಲ್ಲಿ.

೩. ೧೯೬೩ರ ಬದಲಾವಣೆ

ವಿಶಾಲ ಮೈಸೂರು ರಾಜ್ಯವು ೧೯೫೬ರ ನವೆಂಬರ್ ೧ರಂದು ರೂಪುಗೊಂಡಾಗ ಬೇರೆಬೇರೆ ಆಡಳಿತಗಳ ಪದ್ಧತಿಗಳು ಒಂದೆಡೆ ಸೇರಿದುವು. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರ; ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಲ್ಲಿ ಆತನೇ ಮಾಮಲೇದಾರ; ಹೈದರಾಬಾದಿನ ಕಡೆ ತಹಸೀಲ್ದಾರ. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳು ೧೯೫೦ರ ಶಾಸನದಿಂದಲೇ ರದ್ದಾಗಿ ಸಂಬಳದ ತಲಾಠಿಯು ಹಳ್ಳಿಯ ಲೆಕ್ಕ ಬರೆಯುತ್ತಿದ್ದನು. ಮೈಸೂರಿನ ಕಡೆ ಶಾನುಭೋಗಿಕೆ ಇನ್ನೂ ಉಳಿದಿತ್ತು. ರಾಜ್ಯಗಳ ಪುನರ್ವಿಂಗಡಣಾ ಶಾಸನವು ನೌಕರರ ಸೇವಾನಿಯಮಗಳಿಗೆ ರಕ್ಷಣೆ ನೀಡಿತು. ಆದರೆ ಒಂದೇ ಕೆಲಸಕ್ಕೆ ಮೂರು ಹೆಸರು, ಒಂದೇ ದಾಖಲೆಗೆ ಮೂರು ರೂಪ ಇರುವ ಕಚೇರಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಯಾವ ಶಾಸನವೂ ಕಲಿಸುವುದಿಲ್ಲ. ಅದನ್ನು ನೌಕರರು ಒಬ್ಬರನ್ನೊಬ್ಬರು ಕೇಳಿಯೇ ಕಲಿಯಬೇಕಾಯಿತು.

ಈ ಭೇದಗಳನ್ನು ನಿವಾರಿಸುವುದಕ್ಕಾಗಿಯೂ, ವಂಶಪಾರಂಪರ್ಯದ ಹುದ್ದೆಯು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ಹೊಂದುವುದಿಲ್ಲವೆಂಬ ಕಾರಣದಿಂದಲೂ ೧೯೬೧ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಶಾಸನವನ್ನು ಮಾಡಲಾಯಿತು. ಅದು ೧೯೬೩ರ ಫೆಬ್ರವರಿ ೧ರಂದು ಜಾರಿಗೆ ಬಂದಿತು. ೧೯೬೬ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಶಾಸನವನ್ನು ಎತ್ತಿಹಿಡಿಯಿತು. ಪಟೇಲಿಕೆ, ಶಾನುಭೋಗಿಕೆ ಮೊದಲಾದುವು ಹೋದುವು. ಸಂಬಳ ಪಡೆಯುವ, ವರ್ಗವಾಗಬಲ್ಲ ಗ್ರಾಮಲೆಕ್ಕಿಗನು ಬಂದನು. ೧೯೬೪ರ ಏಪ್ರಿಲ್ ೧ರಿಂದ ಜಾರಿಯಾದ ಭೂಕಂದಾಯ ಶಾಸನವೂ ೧೯೬೬ರ ನಿಯಮಗಳೂ ಆತನ ಕೆಲಸಕ್ಕೆ ಏಕರೂಪವನ್ನು ಕೊಟ್ಟುವು. ಪಹಣಿಯು ೧೬ನೆಯ ನಮೂನೆಯಲ್ಲಿ ಎಲ್ಲೆಡೆಯೂ ಒಂದೇ ಬಗೆಯಾಯಿತು.

ಬದಲಾವಣೆಯು ನ್ಯಾಯವಾದುದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರ ಫಲವಾಗಿ ಗ್ರಾಮಲೆಕ್ಕದ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಊರನ್ನರಿಯದವನು ಊರಿನ ಲೆಕ್ಕ ಬರೆಯುವ ಪ್ರಸಂಗವು ಸಾಮಾನ್ಯವಾಯಿತು. ಇದೇ ಕಾಲದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದ ಕಾಲುವೆಗಳು ಚನ್ನಗಿರಿ ಸೀಮೆಯ ಖುಷ್ಕಿ ನೆಲಕ್ಕೆ ನೀರನ್ನು ತಂದುವು. ಜೋಳ, ರಾಗಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದುವು. ಮುಂದೆ ಅಡಕೆಯ ತೋಟಗಳೂ ಹಬ್ಬಿದುವು. ಲೆಕ್ಕ ಬರೆಯುವವನು ಹೊಸಬ, ನೆಲದ ಸ್ವರೂಪವೂ ಹೊಸತು.

೪. ಪ್ರಭಾರ ಪಟ್ಟಿಯಲ್ಲಿ ಇಲ್ಲದುದು

ವಿಷಯವು ಸ್ಪಷ್ಟವಾಗುವುದಕ್ಕಾಗಿ ಒಬ್ಬ ತರುಣ ಗ್ರಾಮಲೆಕ್ಕಿಗನನ್ನು ಕಲ್ಪಿಸಿಕೊಳ್ಳೋಣ. ಆತನು ಬಸವಾಪಟ್ಟಣ ಹೋಬಳಿಯ ಒಂದು ವೃತ್ತಕ್ಕೆ ವರ್ಗವಾಗಿ ಬರುತ್ತಾನೆ. ಹಿಂದಿನವನು ಪ್ರಭಾರ ಪಟ್ಟಿಯನ್ನು ಬರೆದು ಪುಸ್ತಕಗಳನ್ನು ಒಪ್ಪಿಸುತ್ತಾನೆ: ಪಹಣಿ, ಹಕ್ಕು ಬದಲಾವಣೆಯ ವಹಿ, ಖಾತೆ ಪುಸ್ತಕ, ಕಂದಾಯದ ರಸೀತಿ ಪುಸ್ತಕ, ಗ್ರಾಮದ ನಕ್ಷೆ, ಬೀರುವಿನ ಬೀಗದ ಕೈ. ಇಬ್ಬರೂ ರುಜು ಮಾಡುತ್ತಾರೆ. ಹೋಗುವವನಿಗೆ ಹಾರ, ಶಾಲು, ಫಲತಾಂಬೂಲ. ಬಂದವನಿಗೆ ಬೀಗದ ಕೈ. ಮರುದಿನದಿಂದ ಆತನು ಎಲ್ಲಕ್ಕೂ ಹೊಣೆಗಾರ.

ಆದರೆ ಆ ಪಟ್ಟಿಯಲ್ಲಿ ಇಲ್ಲದ ಸಂಗತಿಗಳು ಅನೇಕ. ಅವುಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಹೇಳಬಹುದು.

ಮೊದಲನೆಯದು, ಹೆಸರುಗಳ ವಿಷಯ. ಪಹಣಿಯಲ್ಲಿ ಒಂದೇ ಹೆಸರಿನವರು ಹಲವರಿರುತ್ತಾರೆ. ಊರಿನಲ್ಲಿ ಅವರನ್ನು ಮನೆಯ ಹೆಸರಿನಿಂದ ಗುರುತಿಸುತ್ತಾರೆ. ಮನೆಯ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಎರಡನೆಯದು, ಹೊಲಗಳ ವಿಷಯ. ಪುಸ್ತಕಕ್ಕೆ ಸರ್ವೆ ನಂಬರು ಗೊತ್ತು; ರೈತನಿಗೆ ಹುಣಸೆಮರದ ಹೊಲ, ಕೆರೆ ಹಿಂದಣ ಗದ್ದೆ ಎಂಬ ಹೆಸರುಗಳು ಗೊತ್ತು. ಎರಡನ್ನೂ ಬೆಸೆಯುವ ತಿಳಿವಳಿಕೆ ಊರಿನ ಹಿರಿಯರಲ್ಲಿದೆ. ಮೂರನೆಯದು, ಪೌತಿ ಮತ್ತು ಭಾಗದ ವಿಷಯ. ಖಾತೆದಾರನು ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ. ಮಕ್ಕಳು ಬಾಯಿಮಾತಿನಲ್ಲಿ ಭಾಗಮಾಡಿಕೊಂಡು ಉಳುತ್ತಿರುತ್ತಾರೆ. ಖಾತೆ ಮಾತ್ರ ಸತ್ತವನ ಹೆಸರಿನಲ್ಲಿಯೇ ನಿಂತಿರುತ್ತದೆ. ನಾಲ್ಕನೆಯದು, ದಾರಿ ಮತ್ತು ನೀರಿನ ವಿಷಯ. ಯಾರ ಬದುವಿನ ಮೇಲೆ ಯಾರ ಬಂಡಿ ಹೋಗಬಹುದು, ಕಾಲುವೆಯ ನೀರು ಯಾವ ಸರದಿಯಲ್ಲಿ ಹರಿಯಬೇಕು ಎಂಬ ಒಪ್ಪಂದಗಳು ನಡೆಯುತ್ತಿರುತ್ತವೆ, ಬರೆಹದಲ್ಲಿ ಇರುವುದಿಲ್ಲ.

ಇವುಗಳನ್ನು ತಿಳಿಯದೆ ಹೊಸಬನು ತನ್ನ ಕೆಲಸವನ್ನು ನಿಯಮದಂತೆ ಮಾಡಿದರೂ ತಪ್ಪಾಗಬಹುದು. ಇಂತಹ ತಪ್ಪಿನ ಬೆಲೆ ಎಷ್ಟೆಂಬುದನ್ನು ೧೯೭೪ರ ಭೂಸುಧಾರಣೆಯು ತೋರಿಸಿತು. ಆ ವರ್ಷದ ಮಾರ್ಚ್ ೧ರಂದು ಜಾರಿಯಾದ ತಿದ್ದುಪಡಿಯಂತೆ ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದುವು. ಗೇಣಿದಾರನು ೭ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸಿದ್ಧಪಡಿಸಬೇಕಾಗಿತ್ತು. ಆಗ ಪಹಣಿಯ ಸಾಗುವಳಿದಾರರ ಅಂಕಣದಲ್ಲಿ ಹಿಂದಿನ ವರ್ಷಗಳಲ್ಲಿ ಬರೆದ ಒಂದು ಹೆಸರು ದೊಡ್ಡ ಸಾಕ್ಷ್ಯವಾಯಿತು. ಹೊಲಕ್ಕೆ ಹೋಗಿ ಯಾರು ಉಳುತ್ತಿದ್ದಾರೆಂದು ನೋಡಿ ಬರೆದ ಲೆಕ್ಕಿಗನಿಂದ ಒಬ್ಬ ಬಡವನಿಗೆ ನೆಲ ದೊರೆಯಬಹುದಾಗಿತ್ತು. ಹೊಲದ ದಾರಿ ತಿಳಿಯದೆ ಹಿಂದಿನ ವರ್ಷದ ಹೆಸರನ್ನೇ ನಕಲು ಮಾಡಿದವನಿಂದ ಅದು ತಪ್ಪಿಹೋಗಬಹುದಾಗಿತ್ತು. ಹೊಂದಿಕೊಳ್ಳಲು ಬೇಕಾದ ಕಾಲವನ್ನೂ ನೆರವನ್ನೂ ನೌಕರನಿಗೆ ಕೊಡುವುದು ದಯೆಯ ವಿಷಯವಲ್ಲ, ನ್ಯಾಯದ ವಿಷಯ ಎಂಬುದು ಇದರಿಂದ ತಿಳಿಯುತ್ತದೆ.

೫. ಎರಡನೆಯ ಬದಲಾವಣೆ

೧೯೬೩ರಲ್ಲಿ ವ್ಯಕ್ತಿ ಬದಲಾದನು, ಪುಸ್ತಕ ಉಳಿಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ವ್ಯಕ್ತಿ ಉಳಿದನು, ಪುಸ್ತಕ ಬದಲಾಯಿತು. ಇದಕ್ಕೆ ಮುಂಚೆ, ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ರಚಿತವಾಗಿ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಿಂದ ಅದಕ್ಕೆ ಸೇರಿತು. ಮೇಲಿನ ಕಚೇರಿಯ ಊರೂ ಅಧಿಕಾರಿಗಳೂ ಹೊಸಬರಾದರು. ಅದರ ಬೆನ್ನಿಗೇ ಭೂಮಿ ಯೋಜನೆ ಬಂದಿತು. ೨೦೦೨ರ ವೇಳೆಗೆ ರಾಜ್ಯದ ೧೭೬ ತಾಲ್ಲೂಕುಗಳಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು ೨ ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದುವು. ಕೈಬರೆಹದ ಪಹಣಿಗೆ ಮಾನ್ಯತೆ ಹೋಯಿತು. ರೈತನು ತಾಲ್ಲೂಕು ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯತೊಡಗಿದನು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂದೂ, ಬೆರಳಚ್ಚು ಕೊಟ್ಟ ನೌಕರನು ಮಾತ್ರ ಯಂತ್ರದಲ್ಲಿ ದಾಖಲೆಯನ್ನು ಮುಟ್ಟಬಹುದೆಂದೂ ಏರ್ಪಾಡಾಯಿತು.

ರೈತನಿಗೆ ಇದರಿಂದ ಆದ ಅನುಕೂಲ ದೊಡ್ಡದು. ಲೆಕ್ಕಿಗನ ಮನೆಯ ಬಾಗಿಲಲ್ಲಿ ಕಾಯುವುದು ತಪ್ಪಿತು. ಆದರೆ ರಾಜ್ಯದ ಸುಮಾರು ೯,೦೦೦ ಗ್ರಾಮಲೆಕ್ಕಿಗರ ದೃಷ್ಟಿಯಿಂದ ಇದು ಊರು ಬಿಡದೆಯೇ ಆದ ವರ್ಗಾವಣೆ. ಅದೇ ವೃತ್ತ, ಅದೇ ಜನ. ಆದರೆ ನಿನ್ನೆ ತಾನು ಬರೆದು ಮೊಹರು ಹಾಕುತ್ತಿದ್ದ ದಾಖಲೆ ಇಂದು ತನ್ನ ಕೈಯಲ್ಲಿಲ್ಲ. ಊರು ಬದಲಾದಾಗ ಮಾತ್ರ ಹೊಂದಾಣಿಕೆಯ ಪ್ರಶ್ನೆ ಏಳುತ್ತದೆ ಎಂಬ ಭಾವನೆ ಸರಿಯಲ್ಲವೆಂಬುದು ಇಲ್ಲಿ ಗೋಚರವಾಗುತ್ತದೆ.

ಅಲ್ಲದೆ, ಯಂತ್ರಕ್ಕೆ ತುಂಬಿದುದು ಪುಸ್ತಕದಲ್ಲಿ ಬರೆದಿದ್ದ ಭಾಗವನ್ನು ಮಾತ್ರ. ಮೇಲೆ ಹೇಳಿದ ನಾಲ್ಕು ಬಗೆಯ ಅಲಿಖಿತ ತಿಳಿವಳಿಕೆಯು ಹೊರಗೆಯೇ ಉಳಿಯಿತು. ಹಳೆಯ ಬರೆಹದ ತಪ್ಪುಗಳು ಅಚ್ಚಾಗಿ ಬಂದಾಗ ತಿದ್ದುಪಡಿಗಾಗಿ ರೈತರು ಅಲೆಯಬೇಕಾಯಿತು. ಇತ್ತೀಚೆಗೆ ಗ್ರಾಮಲೆಕ್ಕಿಗನಿಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು ಬಂದಿದೆ. ಬೆಳೆ ಸಮೀಕ್ಷೆ ಮೊದಲಾದ ಕೆಲಸಗಳು ಕೈಫೋನಿಗೆ ಬಂದಿವೆ. ೨೦೨೪ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ, ಮೊಬೈಲ್ ತಂತ್ರಾಂಶಗಳ ಹೊರೆಯೂ ಅವಕ್ಕೆ ತಕ್ಕ ಸಲಕರಣೆಗಳ ಕೊರತೆಯೂ ಅವರ ದೂರುಗಳಲ್ಲಿ ಸೇರಿದ್ದುವು. ಇದನ್ನು ಹೊಸತನ್ನು ಒಲ್ಲದವರ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ವಿಚಾರಮಾಡಿ ನೋಡಿದರೆ ಅದು ಸಾಧುವೆನಿಸುವುದಿಲ್ಲ.

೬. ಅನ್ಯತ್ರ ನಡೆದ ವಿಚಾರ

ಬದಲಾವಣೆಗೆ ನೌಕರರು ತೋರುವ ವಿರೋಧವು ಸ್ವಭಾವದಿಂದ ಬಂದುದೆ, ಇಲ್ಲವೆ ಬದಲಾವಣೆಯನ್ನು ತಂದ ರೀತಿಯಿಂದ ಬಂದುದೆ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಪ್ರಯೋಗಕ್ಕೆ ಒಡ್ಡಿದ್ದುಂಟು. ವರ್ಜೀನಿಯ ಪ್ರಾಂತದ ಮೇರಿಯನ್ ಎಂಬ ಊರಿನ ಹಾರ್‌ವುಡ್ ಕಾರ್ಖಾನೆಯಲ್ಲಿ ಪೈಜಾಮ ಹೊಲಿಯುತ್ತಿದ್ದ ಕೆಲಸಗಾರರ ಮೇಲೆ ನಡೆದ ಈ ಪ್ರಯೋಗದ ವರದಿಯನ್ನು ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬುವರು ೧೯೪೮ರಲ್ಲಿ ಪ್ರಕಟಿಸಿದರು. ಕೆಲಸದ ಕ್ರಮವನ್ನು ಬದಲಾಯಿಸಬೇಕಾಗಿ ಬಂದಾಗ ಒಂದು ಗುಂಪಿಗೆ ಹೊಸ ಕ್ರಮವನ್ನು ತಿಳಿಸಿ ಸುಮ್ಮನಾದರು; ಬೇರೆ ಗುಂಪುಗಳೊಡನೆ ಬದಲಾವಣೆಯ ಅಗತ್ಯವನ್ನು ಚರ್ಚಿಸಿ, ಹೊಸ ಕ್ರಮವನ್ನು ರೂಪಿಸುವುದರಲ್ಲಿ ಅವರಿಗೂ ಪಾಲು ಕೊಟ್ಟರು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೧೭ ಮಂದಿ ೪೦ ದಿನಗಳೊಳಗೆ ಕೆಲಸ ಬಿಟ್ಟರು; ಉತ್ಪನ್ನವೂ ಚೇತರಿಸಲಿಲ್ಲ. ಪಾಲು ಪಡೆದ ಗುಂಪುಗಳಲ್ಲಿ ಆ ಅವಧಿಯಲ್ಲಿ ಯಾರೂ ಬಿಡಲಿಲ್ಲ. ಎಲ್ಲರೂ ಪಾಲುಗೊಂಡ ಗುಂಪುಗಳು ಹಿಂದಿನ ಮಟ್ಟವನ್ನು ಮೀರಿಯೂ ದುಡಿದುವು. ಕಾರ್ಖಾನೆ ಒಂದೇ, ಬದಲಾವಣೆಯೂ ಹೆಚ್ಚುಕಡಮೆ ಒಂದೇ. ಬೇರೆಯಾಗಿದ್ದುದು ಅದನ್ನು ತಂದ ರೀತಿ.

ಇನ್ನೊಂದು ವಿಚಾರವು ಫ್ರಾನ್ಸಿನ ಆರ್ನಾಲ್ಡ್ ವಾನ್ ಜೆನೆಪ್ ಎಂಬ ವಿದ್ವಾಂಸನದು. ಮನುಷ್ಯನು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಹೋಗುವಾಗ ಸಮಾಜವು ನಡೆಸುವ ಆಚರಣೆಗಳನ್ನು ೧೯೦೯ರಲ್ಲಿ ಆತನು ವಿವೇಚಿಸಿ, ಅವುಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದನು: ಹಳೆಯದರಿಂದ ಅಗಲುವುದು, ನಡುವೆ ಹೊಸ್ತಿಲ ಮೇಲೆ ನಿಲ್ಲುವುದು, ಹೊಸತರೊಳಗೆ ಸೇರುವುದು. ನಮ್ಮಲ್ಲಿ ಹೊಸ ಸೊಸೆಯು ಹೊಸ್ತಿಲಲ್ಲಿಟ್ಟ ಅಕ್ಕಿಯ ಸೇರನ್ನು ಕಾಲಿನಿಂದ ತಾಕಿಸಿ ಒಳಗೆ ಬರುವುದನ್ನು ನೆನೆದರೆ ಇದು ಮನದಟ್ಟಾಗುತ್ತದೆ. ಅಲ್ಲಿ ಸೊಸೆಯೊಬ್ಬಳೇ ಹೊಂದಿಕೊಳ್ಳುವುದಿಲ್ಲ. ಮನೆಯವರೂ ಎದುರು ಬಂದು, ಆರತಿ ಎತ್ತಿ, ದೇವರ ಮನೆಯಿಂದ ಉಗ್ರಾಣದವರೆಗೆ ತೋರಿಸುತ್ತಾರೆ. ಕಚೇರಿಗಳಲ್ಲಿ ಅಗಲುವಿಕೆಗೆ ಸಮಾರಂಭವಿದೆ, ಸೇರುವಿಕೆಗೆ ಇಲ್ಲ. ಹೊಸ್ತಿಲ ಮೇಲೆ ನಿಂತವನನ್ನು ಅಲ್ಲಿಯೇ ಬಿಟ್ಟು, ಒಳಗಿನವನಂತೆ ಕೆಲಸಮಾಡೆಂದು ಹೇಳುತ್ತೇವೆ.

೭. ಒಂದು ಎಚ್ಚರಿಕೆ

ಇಷ್ಟು ಹೇಳಿದ ಮೇಲೆ, ಹಳೆಯ ಶಾನುಭೋಗಿಕೆಯನ್ನೇ ಈ ಲೇಖನವು ಹೊಗಳುತ್ತಿದೆಯೆಂದು ಯಾರೂ ಭಾವಿಸಬಾರದು. ಅಲಿಖಿತವಾದ ತಿಳಿವಳಿಕೆಯು ಒಬ್ಬನಲ್ಲಿ ಮಾತ್ರ ಇದ್ದರೆ ಅದು ಅವನ ಅಧಿಕಾರವೂ ಆಗುತ್ತದೆ. ಯಾರ ಹೊಲ ಯಾವುದೆಂದು ಬಲ್ಲವನು ಅದನ್ನು ಹೇಳದೆ ಇರಬಲ್ಲನು, ಬೆಲೆಕಟ್ಟಿ ಹೇಳಬಲ್ಲನು. ೧೯೬೩ರಲ್ಲಿ ಜಾರಿಯಾದ ಶಾಸನವೂ ಭೂಮಿ ಯೋಜನೆಯೂ ತಮ್ಮತಮ್ಮ ರೀತಿಯಲ್ಲಿ ಈ ಹಿಡಿತವನ್ನು ಸಡಿಲಿಸಿದುವು. ಅದು ಮರಳಿ ಬರಬೇಕಾಗಿಲ್ಲ.

ಹೀಗೆಯೇ ಹೊಂದಿಕೊಳ್ಳುವುದೆಂದರೆ ಅಲ್ಲಿ ನಡೆಯುತ್ತಿರುವುದನ್ನೆಲ್ಲ ಒಪ್ಪಿಕೊಳ್ಳುವುದಲ್ಲ. ‘ಇಲ್ಲಿ ಹಿಂದಿನಿಂದಲೂ ಹೀಗೆಯೇ’ ಎಂಬ ಮಾತನ್ನು ಹೊಸಬನು ಎರಡು ಸಂದರ್ಭಗಳಲ್ಲಿ ಕೇಳುತ್ತಾನೆ: ಊರಿನ ಒಂದು ನ್ಯಾಯವಾದ ಒಪ್ಪಂದವನ್ನು ತಿಳಿಸುವಾಗ, ಕಚೇರಿಯ ಒಂದು ಕೆಟ್ಟ ರೂಢಿಯನ್ನು ಮುಚ್ಚಿಡುವಾಗ. ಇವೆರಡನ್ನು ಬೇರ್ಪಡಿಸಲು ಒಂದು ಸರಳವಾದ ಪರೀಕ್ಷೆಯುಂಟು. ಎಲ್ಲರ ಎದುರಿಗೆ ಬರೆದಿಡಬಹುದಾದ ರೂಢಿಯು ಉಳಿಸಿಕೊಳ್ಳಲು ಯೋಗ್ಯವಾದುದು. ಬರೆಯಲು ಹಿಂಜರಿಯಬೇಕಾದ ರೂಢಿಗೆ ಹೊಂದಿಕೊಳ್ಳದೆ ಇರುವುದೇ ಲೇಸು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಹೊರಡುತ್ತವೆ.

ಹೊಸದಾಗಿ ಬಂದ ನೌಕರನು ಮೊದಲ ಕೆಲವು ವಾರ ಕಾಗದದ ಎದುರಿಗೆ ಕುಳಿತುಕೊಳ್ಳುವುದಕ್ಕಿಂತ ವೃತ್ತವನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ಮೇಲು. ನೀರುಗಂಟಿಯೊಡನೆ ಕಾಲುವೆಯ ಮೇಲೆ ಒಂದು ದಿನ ನಡೆದರೆ ತಿಳಿಯುವ ಸಂಗತಿಯನ್ನು ನಕ್ಷೆಯ ಮುಂದೆ ಒಂದು ತಿಂಗಳು ಕುಳಿತರೂ ತಿಳಿಯಲಾಗದು. ಕೇಳುವುದರಿಂದ ತನ್ನ ಗೌರವ ಕಡಮೆಯಾಗುತ್ತದೆಂಬ ಅಳುಕು ಬೇಡ. ಹೊಸಬನ ಪ್ರಶ್ನೆಯನ್ನು ಜನರು ಕ್ಷಮಿಸುತ್ತಾರೆ, ಎರಡು ವರ್ಷ ಕಳೆದವನ ಅಜ್ಞಾನವನ್ನು ಕ್ಷಮಿಸುವುದಿಲ್ಲ.

ಬಿಟ್ಟುಹೋಗುವವನು ಪುಸ್ತಕಗಳ ಪಟ್ಟಿಯೊಡನೆ ಸ್ಥಳದ ಪರಿಚಯವನ್ನೂ ಬರೆದು ಒಪ್ಪಿಸಬೇಕು. ಹೊಲಗಳ ಊರ ಹೆಸರು ಮತ್ತು ಸರ್ವೆ ನಂಬರು, ಪೌತಿಯಾಗಿ ಉಳಿದ ಖಾತೆಗಳು, ವ್ಯಾಜ್ಯದಲ್ಲಿರುವ ದಾರಿಗಳು, ನೀರಿನ ಸರದಿ – ಇವುಗಳಿಗೆ ಹತ್ತು ಹಾಳೆ ಸಾಕು. ಸಾಧ್ಯವಾದರೆ ಇಬ್ಬರೂ ಒಂದು ವಾರ ಒಟ್ಟಿಗೆ ತಿರುಗಾಡುವಂತೆ ಮೇಲಧಿಕಾರಿಗಳು ಏರ್ಪಡಿಸಬೇಕು.

ಮೂರನೆಯದು ಕಚೇರಿಗೆ ಸಂಬಂಧಿಸಿದ ಮಾತು. ಹಳಬನಿಗೆ ತನ್ನ ಕಚೇರಿಯ ಕೊರತೆ ಕಾಣುವುದಿಲ್ಲ, ಏಕೆಂದರೆ ಆ ಕೊರತೆಯನ್ನು ಆತನ ನೆನಪು ತುಂಬಿಕೊಡುತ್ತಿರುತ್ತದೆ. ಹೊಸಬನಿಗೆ ಮಾತ್ರ ಅದು ಕಾಣುತ್ತದೆ. ಅದೂ ಆರೇಳು ತಿಂಗಳು ಮಾತ್ರ, ಆಮೇಲೆ ಆತನೂ ಹಳಬನೇ. ಆ ಅವಧಿಯಲ್ಲಿ ಆತನು ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ದಾಖಲೆಯಲ್ಲಿ ಏನೇನು ಇಲ್ಲ ಎಂಬುದರ ಪಟ್ಟಿ ಕಚೇರಿಗೆ ಖರ್ಚಿಲ್ಲದೆ ದೊರೆಯುತ್ತದೆ. ಬಸವಾಪಟ್ಟಣ ಹೋಬಳಿಯ ಒಂದು ವೃತ್ತದಲ್ಲಿಯಾದರೂ ಇದನ್ನು ನಡೆಸಿನೋಡಿ, ಎರಡು ವರ್ಷಗಳ ತರುವಾಯ ಪಹಣಿ ತಿದ್ದುಪಡಿಯ ಅರ್ಜಿಗಳು ಎಷ್ಟು ಬಂದುವೆಂದು ಪಕ್ಕದ ವೃತ್ತದೊಡನೆ ಹೋಲಿಸಿದರೆ, ಈ ಲೇಖನದ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ನಿರ್ಣಯವಾದೀತು. ಅಂತಹ ಅಧ್ಯಯನವನ್ನು ಕೈಕೊಳ್ಳಲು ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಬಂದರೆ ಈ ಬರೆಹದ ಶ್ರಮ ಸಾರ್ಥಕವಾಗುವುದು.